ಸೋಮವಾರಕ್ಕೆ ಶೋ ಇದೆಯಾ?

ಕನ್ನಡದಲ್ಲಿ ಒಳ್ಳೆ ಸಿನಿಮಾ ಬರಲ್ಲ ಅಂತ ಗೊಣಗೋರಿಗೆ ಒಂದು ಪ್ರಶ್ನೆ. ಬಂದಾಗ ಅದು ಎಷ್ಟು ಗಂಟೆಗೆ ಇತ್ತು ಅಂತ ನೋಡಿದ್ರಾ? ಸ್ಟಾರ್ ಇಲ್ಲದ ಚಿತ್ರಕ್ಕೆ ಮಲ್ಟಿಪ್ಲೆಕ್ಸಲ್ಲಿ ಸಿಗೋದು ಬೆಳಿಗ್ಗೆ ಹತ್ತರ ಶೋ, ಇಲ್ಲಾ ಮಟಮಟ ಮಧ್ಯಾಹ್ನದ್ದು. ಕೆಲಸಕ್ಕೆ ಹೋಗೋರು ಯಾರು ಬರ್ತಾರೆ?

ಗೆಳೆಯನೊಬ್ಬನ ಸಿನಿಮಾ ಬಿಡುಗಡೆಯಾದ ಮಾರನೇ ದಿನ, ಶನಿವಾರ ರಾತ್ರಿ ಫೋನ್ ಬಂತು. "ಮಾರಾಯಾ, ನಾಳೆ ಬೆಳಗಿನ ಶೋಗೆ ಮೂರೇ ಸೀಟು ಹೋಗಿದೆ. ಒಂದ್ ಹತ್ತು ಟಿಕೆಟ್ ಹಾಕ್ಸು, ಇಲ್ಲಾಂದ್ರೆ ಸೋಮವಾರದಿಂದ ಎತ್ತಿಬಿಡ್ತಾರೆ." ಅಷ್ಟರಲ್ಲಾಗಲೇ ಅವನು, ಅವನ ಹೆಂಡತಿ, ಎಡಿಟರ್ ಮೂವರೂ ಸ್ವಂತ ದುಡ್ಡಲ್ಲಿ ಸೀಟು ತುಂಬಿಸ್ತಾ ಕೂತಿದ್ರು. ಆ ದುಡ್ಡಲ್ಲಿ ಜಿಎಸ್‌ಟಿ ಕಳೆದು ಉಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿನವರದ್ದೇ. ತನ್ನ ಸಿನಿಮಾ ಉಳಿಸಿಕೊಳ್ಳೋಕೆ ತಾನೇ ಕಪ್ಪ ಕಟ್ಟೋದು ಅಂದ್ರೆ ಇದೇ.

ಸಿನಿಮಾ ಮಾಡೋಕೆ ದುಡ್ಡು ಹುಟ್ಟಿಸೋದು ಕಷ್ಟ, ಆದರೆ ಆಗದ ಮಾತಲ್ಲ. 2013ರ 'ಲೂಸಿಯಾ'ಗೆ 110 ಜನ ಸೇರಿ ಸುಮಾರು 50 ಲಕ್ಷ ಹಾಕಿದ್ದರು. ಆಮೇಲೆ ಆ ದಾರಿ ಹಿಡಿದವರೂ, ಸೈಟು ಮಾರಿದವರೂ, ಪಿಎಫ್ ತೆಗೆದವರೂ ಎಡವೋದು ಒಂದೇ ಕಡೆ. ಬಂದ ದುಡ್ಡೆಲ್ಲ ಶೂಟಿಂಗು, ಡಬ್ಬಿಂಗಿಗೇ ಮುಗಿದಿರುತ್ತೆ. ಬಿಡುಗಡೆ ಹೊತ್ತಿಗೆ ಸಿಂಗಲ್ ಸ್ಕ್ರೀನಿನ ವಾರದ ಬಾಡಿಗೆ ಬೇಕು, ಪೋಸ್ಟರ್ ಬೇಕು, ಥಿಯೇಟರಿಗೆ ಡಿಜಿಟಲ್ ಆಗಿ ಸಿನಿಮಾ ತಲುಪಿಸೋ ಕ್ಯೂಬ್, ಯುಎಫ್‌ಒದಂಥ ಕಂಪನಿಗಳಿಗೆ ಪ್ರತಿ ಪರದೆಗೂ ವಿಪಿಎಫ್ (ವರ್ಚುವಲ್ ಪ್ರಿಂಟ್ ಫೀ) ಅನ್ನೋ ಶುಲ್ಕ ಕಟ್ಟಬೇಕು. ಈ ವಿಪಿಎಫ್ ವಿರುದ್ಧ 2018ರಲ್ಲಿ ದಕ್ಷಿಣದ ನಿರ್ಮಾಪಕರು ಮುಷ್ಕರಕ್ಕೇ ಇಳಿದಿದ್ದರು.

ಒಟಿಟಿ ಇದೆಯಲ್ಲ ಅಂತೀರಾ? ರಕ್ಷಿತ್ ಶೆಟ್ಟಿಯಂಥವರ ಬ್ಯಾನರಿನ 'ಏಕಂ' ಸರಣಿಯೇ ಕೊಳ್ಳೋರಿಲ್ಲದೆ 2024ರಲ್ಲಿ ಸ್ವಂತ ವೆಬ್‌ಸೈಟಲ್ಲಿ ಬಂತು. ಕೊಪ್ಪಳದ ಹಳ್ಳಿಯೊಂದರ 'ಶಿವಮ್ಮ' 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ನಮ್ಮ ಥಿಯೇಟರಿಗೆ ಬಂದಿದ್ದು 2024ರ ಜೂನಲ್ಲಿ. ನಿರ್ಮಾಪಕ ರಿಷಬ್ ಶೆಟ್ಟಿ ಬೆನ್ನಿಗಿದ್ದೂ ಇಷ್ಟು ತಡ. ಬೆನ್ನಿಗೆ ಯಾರೂ ಇಲ್ಲದವರ ಗತಿ ನೀವೇ ಲೆಕ್ಕ ಹಾಕಿ.

ಸರ್ಕಾರದ ಸಬ್ಸಿಡಿ ಒಳ್ಳೇದೇ, ಆದರೆ ಅದು ಸಿನಿಮಾ ಬಂದು ಹೋದ ಎಷ್ಟೋ ದಿನಕ್ಕೆ ಕೈಗೆ ಬರೋ ದುಡ್ಡು. ಪ್ರಶಸ್ತಿಯದ್ದೂ ಅದೇ ಕಥೆ, 2019ರ ರಾಜ್ಯ ಚಲನಚಿತ್ರ ಪ್ರಶಸ್ತಿ ಘೋಷಣೆಯಾಗಿದ್ದೇ 2025ರ ಜನವರಿಯಲ್ಲಿ! 200 ರೂಪಾಯಿ ಟಿಕೆಟ್ ಮಿತಿಯನ್ನ ನಾನೂ ಸ್ವಾಗತಿಸಿದ್ದೆ, ಹೈಕೋರ್ಟ್ ತಡೆ ಕೊಟ್ಟಿತು. ಆ ಮಿತಿ ಇದ್ದಿದ್ದರೂ ಗೆಳೆಯನಿಗೆ ಸಂಜೆ ಏಳರ ಶೋ ಸಿಗ್ತಿರಲಿಲ್ಲ ಅನ್ನೋದು ಬೇರೆ ಮಾತು. 2025ರ ಬಜೆಟಲ್ಲಿ ಸರ್ಕಾರಿ ಒಟಿಟಿ ಮಾತೂ ಬಂತು. ಬರಲಿ. ಆದರೆ ಒಟಿಟಿಯಲ್ಲಿ ಸಿನಿಮಾ ಇಡೋದು ಬೇರೆ, ಜನ ಹುಡುಕಿಕೊಂಡು ಬಂದು ನೋಡೋದು ಬೇರೆ.

ನನಗನ್ನಿಸೋದು ಇಷ್ಟು: ಸಬ್ಸಿಡಿಯ ಒಂದು ಪಾಲನ್ನ ಬಿಡುಗಡೆಯ ಖರ್ಚಿಗೆ ಅಂತಲೇ, ಬಿಡುಗಡೆಗೆ ಮೊದಲೇ ಕೊಡಿ. ಜಿಲ್ಲಾ ರಂಗಮಂದಿರಗಳು ವಾರದಲ್ಲಿ ಎಷ್ಟೋ ಸಂಜೆ ಬೀಗ ಹಾಕಿಕೊಂಡಿರ್ತವೆ, ಅಲ್ಲೊಂದು ಒಳ್ಳೆ ಪ್ರೊಜೆಕ್ಟರ್ ಇಡಿ. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂನವರು ಎಪ್ಪತ್ತರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದ್ದರು. ಶಿವಮೊಗ್ಗ, ಧಾರವಾಡ, ಕಲಬುರಗಿಯಲ್ಲಿ ವಾರಕ್ಕೊಂದು ಸಂಜೆ ಐವತ್ತು ರೂಪಾಯಿ ಟಿಕೆಟ್ಟಿಗೆ ತೋರಿಸಿದ್ರೆ ಇನ್ನೂರು ಜನ ಬರಲ್ವಾ? ನಿಮ್ಮೂರಲ್ಲಿ ಬರ್ತಾರೋ ಇಲ್ವೋ, ಕಾಮೆಂಟಲ್ಲಿ ಹೇಳಿ. ಹಾಲ್ ಯಾರ ಸುಪರ್ದಿಯಲ್ಲಿದೆ ಅನ್ನೋದೂ ಗೊತ್ತಿದ್ರೆ ಇನ್ನೂ ಒಳ್ಳೇದು.