ಹೈಬ್ರಿಡ್ ತಗೊಳ್ಳಿ, ಆದರೆ ಬಳ್ಳಾರಿ ರಸ್ತೆಗೆ ಲೆಕ್ಕ ಹಾಕಿ

ಅಮೆರಿಕದಲ್ಲಿ ಹೊಸ ಕಾರಿನ ಕಿಟಕಿ ಗಾಜಿಗೆ ಒಂದು ಚೀಟಿ ಅಂಟಿಸಲೇಬೇಕು. 1958ರಿಂದ ಇರುವ ಕಾನೂನು. ಗಾಡಿಯ ಬೆಲೆ, ಕಂಪನಿ ಹಾಕಿಕೊಟ್ಟ ಒಂದೊಂದು ಎಕ್ಸ್‌ಟ್ರಾ ಸೌಲಭ್ಯದ ಬೆಲೆ ಎಲ್ಲ ಅದರಲ್ಲಿರುತ್ತದೆ. ಮೈಲೇಜನ್ನೂ ಊರೊಳಗೆ ಎಷ್ಟು, ಹೈವೇಯಲ್ಲಿ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತಾರೆ. ನಾನಿರುವುದು ಓಹಾಯೋದಲ್ಲಿ. ಬಳ್ಳಾರಿಯಲ್ಲಿ ನಮ್ಮಣ್ಣ ಈಗ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಎಲೆಕ್ಟ್ರಿಕ್ ಮೋಟರ್ ಇರುವ) ಎಸ್‌ಯುವಿ ಹುಡುಕುತ್ತಿದ್ದಾನೆ. ಅವನು ಕಳಿಸಿದ ಬ್ರೋಷರ್‌ಗಳಲ್ಲಿ ಮೈಲೇಜಿಗೆ ಒಂದೇ ಅಂಕಿ ಇತ್ತು. ಎರಡೂ ಟೊಯೋಟಾ ಗಾಡಿ, ಲೀಟರಿಗೆ ಕಿಲೋಮೀಟರ್ ಲೆಕ್ಕ: ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗೆ 27.97, ಇನೋವಾ ಹೈಕ್ರಾಸ್‌ಗೆ 23.24.

ಹೈಬ್ರಿಡ್ ವಿಷಯದಲ್ಲಿ ಒಂದೇ ಅಂಕಿ ಸಾಲದು. ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಈ ಗಾಡಿ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ನಿಂತು ನಿಂತು ಹೋಗುವ ಕಡೆ ಎಂಜಿನ್ ಆಫ್ ಮಾಡಿ ಮೋಟರ್‌ನಲ್ಲೇ ಓಡುತ್ತದೆ. ಹಾಗಾಗಿ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇದರ ಲಾಭ ಜಾಸ್ತಿ. ಹೈವೇಯಲ್ಲಿ ನೂರರಲ್ಲಿ ಹೋಗುವಾಗ ಬ್ರೇಕೇ ಕಡಿಮೆ, ಎಂಜಿನ್ನೇ ದುಡಿಯಬೇಕು. ಟೊಯೋಟಾ ಇಲ್ಲಿ ಮಾರುತ್ತಿದ್ದ ಹಿಂದಿನ ಮಾದರಿಯ ರ‍್ಯಾವ್ 4 ಹೈಬ್ರಿಡ್‌ನ ಚೀಟಿಯಲ್ಲಿ ಊರೊಳಗೆ ಗ್ಯಾಲನ್‌ಗೆ 41 ಮೈಲಿ, ಹೈವೇಯಲ್ಲಿ 38 ಅಂತಿತ್ತು. ಸಾದಾ ಪೆಟ್ರೋಲ್ ಗಾಡಿಯಲ್ಲಿ ಇದು ಉಲ್ಟಾ, ಹೈವೇಯಲ್ಲೇ ಜಾಸ್ತಿ.

ಮೈಲೇಜ್ ಪರೀಕ್ಷೆ ಮಾಡುವ ರೀತಿಯೂ ಬೇರೆ. ಇಲ್ಲಿ ಅಮೆರಿಕದ ಪರೀಕ್ಷೆಯಲ್ಲಿ 35 ಡಿಗ್ರಿ ಬಿಸಿಲಲ್ಲಿ ಏಸಿ ಹಾಕಿ ಓಡಿಸುವ ಒಂದು ಸುತ್ತೂ ಇದೆ, ಗಂಟೆಗೆ 80 ಮೈಲಿವರೆಗೆ ಓಡಿಸುವ ಇನ್ನೊಂದು ಸುತ್ತೂ ಇದೆ. ನಮ್ಮ ದೇಶದ ಪರೀಕ್ಷೆಯಲ್ಲಿ ವೇಗ 90 ಕಿಲೋಮೀಟರ್ ದಾಟುವುದಿಲ್ಲ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್ ಬಂದರೆ 40 ಡಿಗ್ರಿ ದಾಟುತ್ತದೆ. ಏಸಿ ಇಲ್ಲದೆ ಮನೆಯವರು ಕೂರುತ್ತಾರಾ?

ಹಾಗಾದರೆ ಎಂಜಿನ್ ಯಾವುದು? ನಾನು ಅಣ್ಣನಿಗೆ ಹೀಗೆ ಲೆಕ್ಕ ಹಾಕಿ ಹೇಳಿದೆ. ಹೈಬ್ರಿಡ್‌ಗೆ ಎರಡು ಲಕ್ಷ ಹೆಚ್ಚು ಅಂತಿಟ್ಟುಕೊಳ್ಳಿ. ಸಾದಾ ಪೆಟ್ರೋಲ್ 17 ಕೊಟ್ಟರೆ ಹೈಬ್ರಿಡ್ 22 ಕೊಡುತ್ತದೆ ಅನ್ನೋಣ. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸಿದರೆ ಉಳಿಯುವುದು ಸುಮಾರು 200 ಲೀಟರ್, ಅಂದರೆ ಇಪ್ಪತ್ತು ಸಾವಿರದ ಆಸುಪಾಸು. ಆ ಎರಡು ಲಕ್ಷ ವಾಪಸ್ ಬರುವುದಕ್ಕೆ ಹತ್ತು ವರ್ಷ ಬೇಕು. 30,000 ಓಡಿಸುವವರಿಗೆ ಐದು ವರ್ಷ ಸಾಕು. ಜೊತೆಗೆ ಕರ್ನಾಟಕದ ಲೈಫ್ ಟ್ಯಾಕ್ಸ್ ಗಾಡಿ ಬೆಲೆಯ ಮೇಲೇ ಬೀಳುತ್ತದೆ. ಆ ಎರಡು ಲಕ್ಷಕ್ಕೆ ಇನ್ನೂ ಮೂವತ್ತು ಸಾವಿರಕ್ಕೂ ಜಾಸ್ತಿ ಸೇರುತ್ತದೆ. ಅಣ್ಣ ವಾರಕ್ಕೆ ಮೂರು ಸಲ ಹೊಸಪೇಟೆಗೆ, ಆಗಾಗ ಬೆಂಗಳೂರಿಗೆ ಹೋಗುವವನು. ಅವನಿಗೆ ಹೈಬ್ರಿಡ್ ಸರಿ. ಊರೊಳಗೆ ಅಂಗಡಿ, ಮನೆ ಅಂತ ವರ್ಷಕ್ಕೆ ಸ್ವಲ್ಪವೇ ಓಡಿಸುವವರು ಆ ದುಡ್ಡು ಉಳಿಸಿಕೊಳ್ಳುವುದೇ ಒಳ್ಳೆಯದು ಅಂತ ನನಗನಿಸುತ್ತದೆ.

ಇನ್ನೊಂದು ಮಾತು. ತೋರಣಗಲ್ಲು ಕಡೆ ಲಾರಿಗಳ ಸಾಲನ್ನು ಓವರ್‌ಟೇಕ್ ಮಾಡಬೇಕು. ಹೈರೈಡರ್ ಹೈಬ್ರಿಡ್‌ನಲ್ಲಿ 1.5 ಲೀಟರ್, ಮೂರು ಸಿಲಿಂಡರ್, ಮೋಟರ್ ಸೇರಿ ಸುಮಾರು 116 ಪಿಎಸ್ (ಶಕ್ತಿಯ ಅಳತೆ). ಹೈಕ್ರಾಸ್‌ನಲ್ಲಿ 2 ಲೀಟರ್, ಒಟ್ಟು 186. ಐದು ಜನ, ಮೇಲೆ ಅಕ್ಕಿ ಚೀಲ ಹಾಕಿಕೊಂಡಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಹೈರೈಡರ್‌ನ ಡಿಕ್ಕಿಯಲ್ಲಿ ಬ್ಯಾಟರಿ ಕೂತಿರುವುದರಿಂದ ಜಾಗವೂ ಕಡಿಮೆ.

ಎರಡೂ ನಮ್ಮ ಬಿಡದಿಯಲ್ಲೇ ತಯಾರಾಗುತ್ತವೆ. ಅದನ್ನು ಓದಿದಾಗ ದೂರದಲ್ಲಿರುವ ನನಗೆ ನಿಜಕ್ಕೂ ಖುಷಿಯಾಯಿತು.

ವೇರಿಯಂಟ್ ವಿಷಯಕ್ಕೆ ಬಂದರೆ ಅಣ್ಣನದು ಒಂದೇ ಹಠ: "ತಗೊಂಡ್ರೆ ಟಾಪ್ ಎಂಡೇ ತಗೋಬೇಕು ತಮ್ಮಾ, ಸನ್‌ರೂಫ್ ಇರಬೇಕು." ಓಹಾಯೋದಲ್ಲಿ ಹಿಮ ಬೀಳುತ್ತದೆ. ಬಿಸಿ ಸೀಟಿಗೂ ನಾಲ್ಕು ಚಕ್ರದ ಡ್ರೈವ್‌ಗೂ ದುಡ್ಡು ಕೊಡುವುದಕ್ಕೆ ಇಲ್ಲಿ ಅರ್ಥವಿದೆ. ಬಳ್ಳಾರಿ ಬಿಸಿಲಲ್ಲಿ ಗಾಜಿನ ಚಾವಣಿ ಏನು ಮಾಡುತ್ತದೆ? ಅದರ ಪರದೆ ಮುಚ್ಚಿಕೊಂಡೇ ಓಡಾಡಬೇಕು. ನಮ್ಮ ಕಡೆ ಬೇಕಾಗಿರುವುದು ಗಾಳಿಯಾಡುವ ತಂಪು ಸೀಟು, ಹಿಂದೆ ಕೂರುವ ಅಪ್ಪ ಅಮ್ಮನಿಗೆ ಚೆನ್ನಾದ ಏಸಿ ಗಾಳಿ. ಬೇಸರದ ಸಂಗತಿ ಅಂದರೆ ತಂಪು ಸೀಟು ಬೇಕು ಅಂದರೆ ಸಾಮಾನ್ಯವಾಗಿ ಸನ್‌ರೂಫ್ ಇರುವ ಮೇಲಿನ ವೇರಿಯಂಟೇ ತಗೋಬೇಕು. ಬಿಸಿಲ ನಾಡಿನವರು ಇದನ್ನು ಶೋರೂಮಿನಲ್ಲಿ ಗಟ್ಟಿಯಾಗಿ ಕೇಳಬೇಕು. ಕೇಳದಿದ್ದರೆ ಕಂಪನಿಗೆ ಹೇಗೆ ಗೊತ್ತಾಗಬೇಕು?

ಟೆಸ್ಟ್ ಡ್ರೈವ್ ಅಂತ ಸುಮ್ನೆ ಶೋರೂಮಿನ ಸುತ್ತ ಒಂದು ರೌಂಡ್ ಹಾಕಿಸಿದರೆ ಒಪ್ಪಬೇಡಿ. ಮಧ್ಯಾಹ್ನ ಹೋಗಿ. ಮನೆಯವರನ್ನೆಲ್ಲ ಕೂರಿಸಿ, ಏಸಿ ಹಾಕಿ, ಹೊಸಪೇಟೆ ರಸ್ತೆಗೆ ತಿರುಗಿಸಿ. ಆಮೇಲೆ ಬ್ಯಾಟರಿಗೆ ತಂಪು ಗಾಳಿ ಎಲ್ಲಿಂದ ಹೋಗುತ್ತದೆ, ಅಲ್ಲಿ ಫಿಲ್ಟರ್ ಇದೆಯಾ ಅಂತ ಕೇಳಿ. ಎಷ್ಟೋ ಹೈಬ್ರಿಡ್‌ಗಳಲ್ಲಿ ಗಾಡಿಯೊಳಗಿನ ಗಾಳಿಯಿಂದಲೇ ಬ್ಯಾಟರಿ ತಣ್ಣಗಾಗುವುದು. ಸಂಡೂರು ಕಡೆಯ ಕೆಂಪು ಧೂಳು ಆ ಜಾಲರಿಗೆ ಕಟ್ಟಿದರೆ ಬ್ಯಾಟರಿ ಬಿಸಿಯಾಗುತ್ತದೆ. ಅದನ್ನು ಪ್ರತಿ ಸರ್ವಿಸ್‌ನಲ್ಲೂ ಬಿಚ್ಚಿ ನೋಡಬೇಕು ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ.