ಫೆಬ್ರವರಿ ಸಂಬಳದ ಲೆಕ್ಕ

ಫೆಬ್ರವರಿ ಬಂತು ಅಂದ್ರೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನಗೆ ಇದ್ದಕ್ಕಿದ್ದಂತೆ ಮರ್ಯಾದೆ ಜಾಸ್ತಿಯಾಗುತ್ತದೆ. ಒಬ್ಬರು ಚಹಾ ತರಿಸುತ್ತಾರೆ, ಇನ್ನೊಬ್ಬರು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂರುತ್ತಾರೆ. ನಾನು ಕಾಮರ್ಸ್ ಪಾಠ ಮಾಡುವವನು ನೋಡಿ, ಎಲ್ಲರ ಇನ್‌ಕಮ್ ಟ್ಯಾಕ್ಸ್ ಲೆಕ್ಕವೂ ನನ್ನ ತಲೆಗೇ. ಆ ಲೆಕ್ಕದ ಹಾಳೆ ಕೊಡದಿದ್ರೆ ಫೆಬ್ರವರಿ ಸಂಬಳದ ಬಿಲ್ಲು ಮುಂದೆ ಹೋಗುವುದಿಲ್ಲ.

ಈ ಸಲ, ಅಂದ್ರೆ 2026ರ ಫೆಬ್ರವರಿಯಲ್ಲಿ, ಮೊದಲು ಬಂದವರು ಫಿಸಿಕ್ಸ್ ಮೇಷ್ಟ್ರು. ಮಾರ್ಚ್‌ನಿಂದ ಫೆಬ್ರವರಿವರೆಗೆ ಅವರ ಒಟ್ಟು ಸಂಬಳ 15 ಲಕ್ಷದ 75 ಸಾವಿರ. ಸಂಬಳದವರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ತೆಗೆದರೆ 15 ಲಕ್ಷ. ದರವೂ ಕಮ್ಮಿ, ವಿನಾಯಿತಿಯೂ ಕಮ್ಮಿ ಇರುವ ಹೊಸ ಪದ್ಧತಿಯಲ್ಲಿ ಟ್ಯಾಕ್ಸ್ 1,05,000, ಆ ಟ್ಯಾಕ್ಸ್ ಮೇಲಿನ ಸೆಸ್ ಸೇರಿ 1,09,200. ತಿಂಗಳಿಗೆ 5,000ದಂತೆ ಹನ್ನೊಂದು ತಿಂಗಳು ಹಿಡಿದಿದ್ದಾರೆ. ಉಳಿದ 54,200 ಈ ಒಂದೇ ತಿಂಗಳ ಸಂಬಳದಲ್ಲಿ ಹೋಗಬೇಕು. ಅದರ ಜೊತೆಗೆ ವೃತ್ತಿ ತೆರಿಗೆ ಬೇರೆ. ಉಳಿದ ತಿಂಗಳಲ್ಲಿ 200, ಫೆಬ್ರವರಿಯಲ್ಲಿ ಮಾತ್ರ 300. ತಿಂಗಳಿಗೆ ದಿನಾನೂ ಕಮ್ಮಿ, ಸಂಬಳಾನೂ ಕಮ್ಮಿ.

'ಹೋದ ವರ್ಷದ ಸ್ಲ್ಯಾಬಿನಲ್ಲಾಗಿದ್ರೆ 1,45,600 ಆಗ್ತಿತ್ತು ಸಾರ್, ಸಮಾಧಾನ ಮಾಡ್ಕೊಳಿ' ಅಂದೆ. ಅವರು ಸಮಾಧಾನ ಮಾಡಿಕೊಳ್ಳಲಿಲ್ಲ. 'ಬೆಂಗಳೂರಲ್ಲಿ ನನ್ನ ಷಡ್ಡಕ ಇದಾನೆ. ಶೇರು ಮಾರಿ ದುಡ್ಡು ಮಾಡ್ತಾನೆ. ಅವನಿಗೆ ಹನ್ನೆರಡೂವರೆ ಪರ್ಸೆಂಟಂತೆ. ನಾವು ಗಂಟಲು ಹರ್ಕೊಂಡು ಪಾಠ ಮಾಡೋರು ಜಾಸ್ತಿ ಕಟ್ಬೇಕು. ಇದು ನ್ಯಾಯಾನಾ ನೀವೇ ಹೇಳಿ.'

ನನಗೂ ಹೌದೆನಿಸಿತು. ಅದೇ ಹಾಳೆಯ ಹಿಂಬದಿಯಲ್ಲಿ ಷಡ್ಡಕನ ಲೆಕ್ಕವನ್ನೂ ಹಾಕಿದೆ. ಅವನಿಗೂ 15.75 ಲಕ್ಷ ಲಾಭ ಬಂತು, ಬೇರೆ ಆದಾಯ ಏನೂ ಇಲ್ಲ, ಎಲ್ಲವೂ ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದ ಶೇರು ಅಂತ ಇಟ್ಟುಕೊಂಡೆ. 1.25 ಲಕ್ಷಕ್ಕೆ ವಿನಾಯಿತಿ, ಮೊದಲ 4 ಲಕ್ಷಕ್ಕೆ ಟ್ಯಾಕ್ಸ್ ಇಲ್ಲ, ಮಿಕ್ಕಿದ್ದಕ್ಕೆ ಶೇ. 12.5. ಸೆಸ್ ಸೇರಿ ಬಂದಿದ್ದು 1,36,500. ಮೇಷ್ಟ್ರಿಗಿಂತ ಷಡ್ಡಕನೇ 27 ಸಾವಿರ ಜಾಸ್ತಿ ಕಟ್ಟಬೇಕು!

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. 'ಹಂಗಾದ್ರೆ ಅವನು ಸುಮ್ನೆ ಕೊಚ್ಕೋತಾನೆ ಅನ್ನಿ' ಅಂತ ಎದ್ದು ಹೋದರು. ಅವರ ಸಂಕಟ ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಆ ರಾತ್ರಿ ಅದೇ ಗುಂಗು. ಊಟ ಆದಮೇಲೆ ಮತ್ತೆ ಕ್ಯಾಲ್ಕುಲೇಟರ್ ಹಿಡಿದು ಕೂತೆ.

ಮೊದಲು ಕೆಳಗಿಳಿದು ನೋಡಿದೆ. 12 ಲಕ್ಷ ಸಂಬಳದವನಿಗೆ ಈಗ ಟ್ಯಾಕ್ಸ್ ಸೊನ್ನೆ, ರಿಬೇಟ್, ಅಂದ್ರೆ ಬಂದ ಟ್ಯಾಕ್ಸನ್ನೇ ಮಾಫಿ ಮಾಡುವ ರಿಯಾಯಿತಿ, ಇದೆಯಲ್ಲ. ಅದೇ 12 ಲಕ್ಷ ಶೇರಿನ ಲಾಭವಾದರೆ 87,750 ಕಟ್ಟಬೇಕು, ಯಾಕಂದ್ರೆ ಆ ರಿಬೇಟ್ ಈ ಲಾಭಕ್ಕೆ ಸಿಗುವುದಿಲ್ಲ. ಆಮೇಲೆ ಮೇಲೆ ಹತ್ತಿದೆ. 24.75 ಲಕ್ಷಕ್ಕೆ ಬರುವ ಹೊತ್ತಿಗೆ ತಕ್ಕಡಿ ವಾಲಿಬಿಟ್ಟಿದೆ. ಸಂಬಳದವನು 3,12,000, ಶೇರಿನವನು 2,53,500. 50 ಲಕ್ಷಕ್ಕೆ ಹೋದರೆ ಸಂಬಳದವನು 10,99,800, ಶೇರಿನವನು 5,81,750. ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಕೋಟಿಗಳ ಲೆಕ್ಕಕ್ಕೆ ಬಂದರೆ ಕೇಳಲೇಬೇಡಿ. 5 ಕೋಟಿ ಸಂಬಳ ತೆಗೆದುಕೊಳ್ಳುವ ಸಾಹೇಬರು ಕೊನೆಯ ಪ್ರತಿ ನೂರು ರೂಪಾಯಿಗೆ ಸರ್‌ಚಾರ್ಜ್ (ದೊಡ್ಡ ಆದಾಯದವರ ಟ್ಯಾಕ್ಸ್ ಮೇಲಿನ ಹೆಚ್ಚುವರಿ ಟ್ಯಾಕ್ಸ್), ಸೆಸ್ ಎಲ್ಲ ಸೇರಿ 39 ರೂಪಾಯಿ ಕಟ್ಟುತ್ತಾರೆ. ಅಷ್ಟೇ ದುಡ್ಡು ಶೇರು ಮಾರಿದ್ದರಿಂದ ಬಂದರೆ 15 ರೂಪಾಯಿಯೂ ತುಂಬುವುದಿಲ್ಲ. ಶೇರಿನ ಲಾಭದ ಸರ್‌ಚಾರ್ಜಿಗೂ ಶೇ. 15ರ ಮಿತಿ ಇದೆ.

ಅಂದ್ರೆ ಇಲ್ಲಿ ರಿಯಾಯಿತಿ ಸಿಗುವುದು ಶೇರಿಗೆ ಅಂತಲ್ಲ, ದೊಡ್ಡ ಶೇರಿಗೆ. ಒಂದೇ ದರ ಅಂದಾಗ ಕೇಳೋಕೆ ಎಲ್ಲರಿಗೂ ಸಮ ಅನ್ನಿಸುತ್ತದೆ. ತಿಂಗಳಿಗೆ ಎರಡು ಸಾವಿರ ಎಸ್‌ಐಪಿ (ಶೇರಿನ ಮ್ಯೂಚುವಲ್ ಫಂಡಿನ ಕಂತು) ಕಟ್ಟುವ ನಮ್ಮ ಲೈಬ್ರೇರಿಯನ್ ಮೇಡಮ್ಮಿಗೂ, ಕಂಪನಿಯ ಅರ್ಧ ಪಾಲು ಇಟ್ಟುಕೊಂಡವರಿಗೂ ಅದೇ ಹನ್ನೆರಡೂವರೆ. ಸಂಬಳಕ್ಕೆ ಮೆಟ್ಟಿಲು ಇಟ್ಟಿದ್ದಾರೆ, 5, 10, 15, 20, 25, 30 ಅಂತ. ಶೇರಿನ ಲಾಭಕ್ಕೆ ಮಾತ್ರ ಚಪ್ಪಟೆ ನೆಲ.

ಇದಕ್ಕೆ ಉತ್ತರ ಇಲ್ಲ ಅಂತಲ್ಲ. ಕಂಪನಿ ಮೊದಲೇ ತನ್ನ ಲಾಭದ ಮೇಲೆ ಟ್ಯಾಕ್ಸ್ ಕಟ್ಟಿರುತ್ತದೆ, ಹತ್ತು ವರ್ಷದ ಲಾಭದಲ್ಲಿ ಅರ್ಧ ಹಣದುಬ್ಬರವೇ ಇರಬಹುದು, ಶೇರು ಮುಳುಗಿದರೆ ಸರ್ಕಾರ ಕೈಹಿಡಿಯುವುದಿಲ್ಲ ಅಂತಾರೆ. ಒಪ್ಪೋಣ. ಆದರೆ ಕಂಪನಿ ಕಟ್ಟುವ ಮೂಲ ದರವನ್ನೂ 2019ರ ಸೆಪ್ಟೆಂಬರ್‌ನಲ್ಲಿ 30ರಿಂದ 22ಕ್ಕೆ ಇಳಿಸಿದರಲ್ಲ? ವಿನಾಯಿತಿಗಳನ್ನು ಬಿಟ್ಟ ಕಂಪನಿಗಳಿಗೆ ಮಾತ್ರ, ನಿಜ. ಈಗ ನಮ್ಮಂಥವರು ಕಟ್ಟುವ ವೈಯಕ್ತಿಕ ಆದಾಯ ತೆರಿಗೆಯೇ ಕಂಪನಿಗಳ ತೆರಿಗೆಗಿಂತ ಜಾಸ್ತಿ. 2023-24ರಲ್ಲಿ ಸುಮಾರು 10.4 ಲಕ್ಷ ಕೋಟಿ ಇದು, 9.1 ಲಕ್ಷ ಕೋಟಿ ಅದು. ಇನ್ನು ಹಣದುಬ್ಬರ ನಮ್ಮ ಮನೆಗೂ ಬರುತ್ತದೆ. ನಮ್ಮ ಅಮ್ಮನ ಎಫ್‌ಡಿ ಬಡ್ಡಿಯಲ್ಲಿ ಹಣದುಬ್ಬರ ಎಷ್ಟು ಅಂತ ಯಾರೂ ಕಳೆದು ಲೆಕ್ಕ ಹಾಕುವುದಿಲ್ಲ.

ಇಷ್ಟೂ ಶೇರು ಮಾರಿದರೆ ಬೀಳುವ ತೆರಿಗೆ. ಮಾರದೇ ಇದ್ದರೆ? ಏನೂ ಇಲ್ಲ. ಶೇರಿನ ಬೆಲೆ ನೂರು ಪಟ್ಟಾದರೂ ಕಾನೂನಿನ ಕಣ್ಣಿಗೆ ಅದು ಆದಾಯವಲ್ಲ. ದುಡ್ಡು ಬೇಕಾದಾಗ ಅದನ್ನೇ ಅಡವಿಟ್ಟು ಸಾಲ ತೆಗೆಯಬಹುದು. ಸಾಲ ಆದಾಯವಲ್ಲ ನೋಡಿ! ಸತ್ತಮೇಲೆ ಮಕ್ಕಳಿಗೆ ಹೋದಾಗಲೂ ತೆರಿಗೆ ಇಲ್ಲ, ಆ ತೆರಿಗೆಯನ್ನು 1985ರಲ್ಲೇ ತೆಗೆದರು. ಸಂಪತ್ತು ತೆರಿಗೆ 2015ರ ಬಜೆಟ್ಟಿನಲ್ಲಿ ಹೋಯಿತು. ಅದರಿಂದ ಬರುತ್ತಿದ್ದ ದುಡ್ಡು ಕಮ್ಮಿ, ತಲೆನೋವು ಜಾಸ್ತಿ ಅನ್ನುವುದು ನಿಜವೇ. 1973ರ ಸುಮಾರಿಗೆ ಆದಾಯ ತೆರಿಗೆಯ ತೀರಾ ಮೇಲಿನ ಮೆಟ್ಟಿಲಿನ ದರ ಶೇ. 97.75 ಇತ್ತು. ಆ ಮೆಟ್ಟಿಲಲ್ಲಿ ಇನ್ನೂ ನೂರು ದುಡಿದರೆ ಎರಡೂ ಕಾಲು ರೂಪಾಯಿ ಕೈಗೆ. ಯಾರು ತಾನೇ ಸರಿಯಾದ ಲೆಕ್ಕ ತೋರಿಸುತ್ತಾರೆ? ಆ ಕಾಲ ಮತ್ತೆ ಬರಲಿ ಅಂತ ನಾನು ಹೇಳುತ್ತಿಲ್ಲ.

ಇಷ್ಟು ಬರೆದ ಮೇಲೆ ನನ್ನದೂ ಒಂದು ಹೇಳಿಬಿಡಬೇಕು. ನಮ್ಮದು ಚನ್ನಗಿರಿ ಕಡೆ. ಮನೆಯಲ್ಲಿ ಎರಡೂವರೆ ಎಕರೆ ಅಡಿಕೆ ತೋಟ ಇದೆ, ಅಣ್ಣನ ಹೆಸರಲ್ಲಿ. ಕೃಷಿ ಆದಾಯಕ್ಕೆ ಕೇಂದ್ರದ ಟ್ಯಾಕ್ಸ್ ಇಲ್ಲ. ಎರಡೂವರೆ ಎಕರೆಯವನಿಗೆ ಅದು ಬೇಡವೇ ಬೇಡ, ಕೊಳೆರೋಗ ಒಂದು ವರ್ಷ ಬಂದರೆ ಸಾಕು, ಅಣ್ಣನ ಮುಖ ನೋಡೋಕಾಗಲ್ಲ. ಆದರೆ ಐವತ್ತು ಎಕರೆ ತೋಟದವರೂ ನಮ್ಮ ಅಣ್ಣನ ಬೆನ್ನ ಹಿಂದೆಯೇ ನಿಂತಿರುತ್ತಾರೆ. ಅವರ ಮಾತೆತ್ತಿದರೆ 'ರೈತ ವಿರೋಧಿ' ಅಂತ ಬೈಸಿಕೊಳ್ಳುವವನು ನಾನೇ. ಬೈಯಿರಿ ಪರವಾಗಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಇದೇ ಮಾತು ನಡೆದಿತ್ತು. 'ಈ ದೇಶದಲ್ಲಿ ಟ್ಯಾಕ್ಸ್ ಕಟ್ಟೋರು ನಾವು ನಾಕು ಜನ, ತಿನ್ನೋರು ಊರೆಲ್ಲ' ಅಂದರು ಒಬ್ಬರು. ಚಹಾ ತಂದಿದ್ದ ಹುಡುಗ ಅಲ್ಲೇ ಲೋಟ ಜೋಡಿಸುತ್ತಿದ್ದ. ಹೊರಗುತ್ತಿಗೆಯಲ್ಲಿ ಬಂದವನು, ದಿನಾ ಇಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಹಳೇ ಬೈಕಿನಲ್ಲಿ ಬರುತ್ತಾನೆ. 'ನಮಗೆಲ್ಲ ಟ್ಯಾಕ್ಸ್ ಎಲ್ಲಿ ಸಾರ್' ಅಂತ ನಕ್ಕ. ಅವನ ಕೈಯಲ್ಲಿ ಬಂಕಿನ ಚೀಟಿ ಇತ್ತು, 150 ರೂಪಾಯಿ ಪೆಟ್ರೋಲು. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಅದಕ್ಕೂ ಮುಂಚೆ ಕೇಂದ್ರದ ಸುಂಕ ಕೂತಿರುತ್ತದೆ. ಸೋಪು, ಟೂತ್‌ಪೇಸ್ಟ್, ಬಿಸ್ಕತ್ತಿನ ಮೇಲೆ 2025ರ ಸೆಪ್ಟೆಂಬರ್ 21ರವರೆಗೆ ಜಿಎಸ್‌ಟಿ ಶೇ. 18 ಇತ್ತು, ಈಗ 5. ಇಳಿಸಿದ್ದು ಒಳ್ಳೆಯದೇ. ಎಂಟು ವರ್ಷ ಅವನು ಅಷ್ಟೂ ಕಟ್ಟಿದ್ದಾನೆ, ಸಂಬಳದವರಿಗೆ ಟ್ಯಾಕ್ಸ್ ಹಿಡಿದದ್ದಕ್ಕೆ ಕೊಡುವ ಫಾರಂ 16 ಮಾತ್ರ ಅವನಿಗೆ ಯಾರೂ ಕೊಟ್ಟಿಲ್ಲ. ಅವನಿಗೆ ರಿಬೇಟ್ ಇಲ್ಲ, ಸ್ಲ್ಯಾಬೂ ಇಲ್ಲ.

ನಾನು ಕೇಳುವುದು ದೊಡ್ಡ ಕ್ರಾಂತಿಯೇನಲ್ಲ. ಶೇರಿನ ಲಾಭಕ್ಕೂ ಮೆಟ್ಟಿಲು ಇಡಿ. ಕೆಳಗಿನ ಮೆಟ್ಟಿಲಲ್ಲಿ ಇರುವವರಿಗೆ ರಿಬೇಟ್ ಕೊಡಿ, ಲಾಭದಲ್ಲಿ ಹಣದುಬ್ಬರದ ಪಾಲು ಕಳೆದು ಲೆಕ್ಕ ಹಾಕಿ. ಕೋಟಿ ದಾಟಿದ ಮೇಲೆ ಮೇಷ್ಟ್ರ ಲೆಕ್ಕದಲ್ಲೇ ಹಿಡಿಯಿರಿ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ. ಭಾಷೆ ಸರಳ ಮಾಡಿದ್ದಾರೆ, ಕಲಮುಗಳನ್ನು ಕಮ್ಮಿ ಮಾಡಿದ್ದಾರೆ. ಈ ಹನ್ನೆರಡೂವರೆ ಹಾಗೇ ಇದೆ.

ನಾಳೆ ಇನ್ನೂ ಆರು ಜನರ ಹಾಳೆ ಬಾಕಿ. ಹಿಸ್ಟರಿ ಮೇಡಂ ಮನೆ ಸಾಲದ ಬಡ್ಡಿ ತೋರಿಸಿ ಹಳೇ ಪದ್ಧತಿಯಲ್ಲೇ ಹಾಕಿ ಅಂತ ಹಟ ಹಿಡಿದಿದ್ದಾರೆ. ಎರಡೂ ಮಾಡಿ ತೋರಿಸಬೇಕು.