ಹಸುಗೂಸನ್ನು ಬೋರಲು ಮಲಗಿಸಬೇಕೆಂಬ ಸಂದೇಶ: ಸ್ಪಷ್ಟನೆ

ಕುಂಬಳೆ, ಬದಿಯಡ್ಕ ಕಡೆಯ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಕಕ್ಕಿದ ಹಾಲು ಉಸಿರಿಗೆ ಸಿಕ್ಕಿಕೊಳ್ಳದಂತೆ ಮಗುವನ್ನು ಬೋರಲು ಮಲಗಿಸಿ, ತಲೆ ದುಂಡಗಾಗಲು ಸಾಸಿವೆ ದಿಂಬು ಕೊಡಿ, ಅಕ್ಕಪಕ್ಕ ಮೆತ್ತನೆಯ ದಿಂಬು ಇಡಿ ಎಂದು. ಮೂರೂ ತಪ್ಪು, ಮೊದಲನೆಯದಂತೂ ಪ್ರಾಣಕ್ಕೇ ಅಪಾಯ.

ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಕಕ್ಕಿದ ಹಾಲು ಶ್ವಾಸನಾಳ ಸೇರಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲಾದರೆ ಇದೇ ತಿರುಗುಮುರುಗು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲೇ ಬೋರಲು ಬೇಡವೆಂದಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಶಿಶುಗಳ ಹಠಾತ್ ಸಾವು ಸುಮಾರು ಅರ್ಧಕ್ಕಿಳಿಯಿತು.

ಕನಿಷ್ಠ 6 ತಿಂಗಳು ಮಗು ಹೆತ್ತವರ ಕೋಣೆಯಲ್ಲೇ ಇರಲಿ. ಆದರೆ ಅವರ ಮಂಚದ ಪಕ್ಕ, ತನ್ನದೇ ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ. ದಿಂಬು, ಗೊಂಬೆ, ಸಡಿಲ ಹೊದಿಕೆ ಯಾವುದೂ ಬೇಡ. ಸೀರೆಯ ಜೋಲಿಯಲ್ಲಿ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗಬಹುದು. ರಾತ್ರಿಯಿಡೀ ಅದರಲ್ಲಿ ಬಿಡಬೇಡಿ.

ಅಜ್ಜಿಯಂದಿರ ಕಾಳಜಿ ದೊಡ್ಡದು, ಜಡಿಮಳೆಯ ಚಳಿಯೂ ನಿಜ. ಕಂಬಳಿಯ ಬದಲು ಒಂದು ಅಂಗಿ ಹೆಚ್ಚು ತೊಡಿಸಿ. ಕುತ್ತಿಗೆಯ ಹಿಂಭಾಗ ಬೆವತಿದ್ದರೆ ಅದನ್ನೂ ತೆಗೆಯಿರಿ. ತಲೆ ಚಪ್ಪಟೆಯಾಗುವ ಭಯಕ್ಕೆ, ಎಚ್ಚರವಿರುವಾಗ ನಿಮ್ಮ ಕಣ್ಣೆದುರೇ ತುಸು ಹೊತ್ತು ಬೋರಲು ಆಡಿಸಿ.